ಇಳಿಯಬೇಕಿದ್ದ ಅಂಕಿ ಇಳಿಯಲಿಲ್ಲ: ಕವಾಟ ಬದಲಾವಣೆಗೆ ಮುನ್ನ ರಕ್ತಪರೀಕ್ಷೆಗಳನ್ನು ಓದಿದ ಒಂದು ಪ್ರಕರಣ

ಮುಂಬೈಯ ಒಂದು ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಬರುವವರಿಗೆ ಅರಿವಳಿಕೆ ಕೊಡುವುದು, ಆನಂತರ ಐಸಿಯುನಲ್ಲಿ ಅವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಶಸ್ತ್ರಚಿಕಿತ್ಸೆ ನಿಗದಿಯಾಗುವ ಮೊದಲೇ ರೋಗಿಯ ಫೈಲು ನನ್ನ ಮೇಜಿಗೆ ಬರುತ್ತದೆ. ಎಕೋ, ಇಸಿಜಿ, ಎಕ್ಸ್‌ರೇಗಳ ಜೊತೆಗೆ ಈಗ ಅದರಲ್ಲಿ ರಕ್ತಪರೀಕ್ಷೆಗಳ ಉದ್ದನೆಯ ಪಟ್ಟಿಯೂ ಇರುತ್ತದೆ. ಹೃದಯ ಎಷ್ಟು ಬಳಲಿದೆ, ಮೂತ್ರಪಿಂಡ ಎಷ್ಟು ತಾಳಬಲ್ಲದು, ಶಸ್ತ್ರಚಿಕಿತ್ಸೆಯ ಪೆಟ್ಟನ್ನು ಈ ದೇಹ ಹೇಗೆ ತಡೆದೀತು ಎಂಬುದನ್ನು ಮುಂಚಿತವಾಗಿ ಅಂದಾಜು ಮಾಡಲು ನೆರವಾಗುವ ಈ ರಕ್ತಸೂಚಕಗಳನ್ನೇ ನಾವು ಬಯೋಮಾರ್ಕರ್ ಎನ್ನುತ್ತೇವೆ. ಅವುಗಳಲ್ಲಿ ಒಂದನ್ನು ನಾನು ಮೊದಲು ತಪ್ಪಾಗಿ ಓದಿದ್ದೆ. ಅದನ್ನು ಹೇಗೆ ತಿದ್ದಿಕೊಂಡೆವು, ಆ ತಿದ್ದುಪಡಿಯಿಂದ ರೋಗಿಗೆ ಏನಾಯಿತು ಎಂಬುದೇ ಈ ಬರಹದ ವಿಷಯ. ರೋಗಿ ಮತ್ತು ಅವರ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ರೋಗಿಗೆ 71 ವರ್ಷ. ಕುಂದಾಪುರದ ಕಡೆಯವರು. ಹದಿನಾರನೆಯ ವಯಸ್ಸಿಗೆ ಮುಂಬೈಗೆ ಬಂದು, ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ, ಕೊನೆಯ ಇಪ್ಪತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಲೆಕ್ಕ ನೋಡಿಕೊಂಡವರು. ಮನೆ ಡೊಂಬಿವಲಿಯಲ್ಲಿ. ನಿವೃತ್ತರಾದ ಮೇಲೂ ವಾರಕ್ಕೆರಡು ಬಾರಿ ಹೋಟೆಲಿಗೆ ಹೋಗಿ ಲೆಕ್ಕದ ಪುಸ್ತಕ ತಿರುವಿಹಾಕಿ ಬರುವ ರೂಢಿ ಬಿಟ್ಟಿರಲಿಲ್ಲ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎರಡೂ ಮೊಣಕಾಲುಗಳಲ್ಲಿ ಸವೆತ.

ಎರಡು ವರ್ಷದ ಹಿಂದೆ ಡೊಂಬಿವಲಿಯ ಅವರ ವೈದ್ಯರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಒಂದು ಒರಟು ಸದ್ದು ಕೇಳಿ ಎಕೋ ಮಾಡಿಸಿದ್ದರು. ಹೃದಯದ ಎಡ ಕುಹರದಿಂದ ಮಹಾಪಧಮನಿಗೆ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ಕವಾಟ ಸುಣ್ಣಗಟ್ಟಿ ಮಧ್ಯಮ ಪ್ರಮಾಣದಲ್ಲಿ ಕಿರಿದಾಗಿತ್ತು. ಆರೋಗ್ಯವಂತರಲ್ಲಿ ಈ ಬಾಗಿಲು 3ರಿಂದ 4 ಚದರ ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. 1 ಚದರ ಸೆಂಟಿಮೀಟರಿಗೆ ಇಳಿದರೆ ತೀವ್ರ ಸಂಕೋಚನ. ನಮ್ಮಲ್ಲಿಗೆ ಬಂದಾಗ ಇವರದು 0.8ಕ್ಕೆ ಇಳಿದಿತ್ತು. ಕವಾಟದ ಮೂಲಕ ರಕ್ತ ಚಿಮ್ಮುವ ವೇಗ ಸೆಕೆಂಡಿಗೆ 4.3 ಮೀಟರ್, ಕವಾಟದ ಆಚೀಚೆಯ ಒತ್ತಡದ ಸರಾಸರಿ ಅಂತರ 45 ಮಿಲಿಮೀಟರ್. ವೇಗ 4, ಅಂತರ 40 ದಾಟಿದರೆ ತೀವ್ರ ಎಂಬುದು ಎಲ್ಲರೂ ಒಪ್ಪಿದ ಗೆರೆ. ಇವರು ಎರಡನ್ನೂ ದಾಟಿದ್ದರು. ಆದರೆ ಹೃದಯದ ಪಂಪು ಇನ್ನೂ ಚೆನ್ನಾಗಿತ್ತು: ಪ್ರತಿ ಮಿಡಿತಕ್ಕೆ ಎಡ ಕುಹರ ಹೊರತಳ್ಳುವ ರಕ್ತದ ಪಾಲು, ಅಂದರೆ ಎಜೆಕ್ಷನ್ ಫ್ರ್ಯಾಕ್ಷನ್, ಶೇಕಡ 60.

ಲಕ್ಷಣವಿಲ್ಲ ಎಂಬ ಮಾತು

ಈ ಕಾಯಿಲೆಯಲ್ಲಿ ಎಲ್ಲ ನಿರ್ಧಾರಗಳೂ ಒಂದು ಪ್ರಶ್ನೆಯ ಮೇಲೆ ನಿಂತಿವೆ. ರೋಗಿಗೆ ಏನಾದರೂ ತೊಂದರೆ ಇದೆಯೇ? ಎದೆನೋವು, ತಲೆಸುತ್ತಿ ಬೀಳುವುದು, ನಡೆದರೆ ಏದುಸಿರು, ಇವುಗಳಲ್ಲಿ ಒಂದು ಕಾಣಿಸಿಕೊಂಡರೂ ಕವಾಟ ಬದಲಿಸಲೇಬೇಕು. ಲಕ್ಷಣ ಕಂಡ ನಂತರ ಚಿಕಿತ್ಸೆಯಿಲ್ಲದೆ ಉಳಿಯುವ ಆಯುಷ್ಯ ಎಷ್ಟು ಕಡಿಮೆ ಎಂಬುದನ್ನು 1968ರಷ್ಟು ಹಿಂದೆಯೇ ಅಮೆರಿಕದ ರಾಸ್ ಮತ್ತು ಬ್ರಾನ್‌ವಾಲ್ಡ್ ತೋರಿಸಿಕೊಟ್ಟಿದ್ದರು: ಹೃದಯ ವೈಫಲ್ಯದ ಚಿಹ್ನೆ ಶುರುವಾದವರಿಗೆ ಸರಾಸರಿ ಎರಡೇ ವರ್ಷ. ಲಕ್ಷಣವಿಲ್ಲದವರ ವಿಷಯದಲ್ಲಿ ಮಾತ್ರ ಕಾಯಬೇಕೋ, ಮುಂದುವರಿಯಬೇಕೋ ಎಂಬ ಚರ್ಚೆ ಇಂದಿಗೂ ನಡೆದಿದೆ.

ಇವರು ತಮಗೆ ಯಾವ ತೊಂದರೆಯೂ ಇಲ್ಲ ಎಂದರು. ಮೆಟ್ಟಿಲು ಹತ್ತುವಾಗ ದಮ್ಮು ಬರುತ್ತದೆಯೇ ಎಂದು ಹೃದ್ರೋಗ ತಜ್ಞರು ಕೇಳಿದಾಗಲೂ ಇಲ್ಲ, ನಾನು ಕೇಳಿದಾಗಲೂ ಇಲ್ಲ. ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಗೆ ಹೇಳಿದರು: "ಡಾಕ್ಟ್ರೇ, ಇವ್ರು ಸುಳ್ಳು ಹೇಳುದಿಲ್ಲ. ಆದ್ರೆ ಇವ್ರು ಈಗ ಮೆಟ್ಲು ಹತ್ತುದೇ ಇಲ್ಲ, ಮತ್ತೆ ದಮ್ಮು ಎಲ್ಲಿಂದ ಬರ್ಬೇಕು?"

ಆ ಮೇಲೆ ನಾನು ಅವರ ಹೋಟೆಲಿನ ಪ್ರಯಾಣವನ್ನು ಹೆಜ್ಜೆ ಹೆಜ್ಜೆಯಾಗಿ ಕೇಳಿದೆ. ಮೊದಲೆಲ್ಲ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ದಾದರಿನಲ್ಲಿ ಇಳಿದು, ಸೇತುವೆ ದಾಟಿ ಬೇರೆ ಗಾಡಿ ಹತ್ತುತ್ತಿದ್ದರು. ಒಂದು ವರ್ಷದಿಂದ ಸ್ಲೋ ಲೋಕಲ್‌ನಲ್ಲೇ ನೇರವಾಗಿ ಮಾಟುಂಗಾಕ್ಕೆ ಹೋಗುತ್ತಾರೆ. ಕಾರಣ ಕೇಳಿದರೆ, ಆರಾಮಾಗಿ ಕೂತುಕೊಂಡು ಹೋಗಬಹುದು ಎನ್ನುತ್ತಾರೆ. ಇಳಿದ ಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರುತ್ತಾರೆ. ಜನರೆಲ್ಲ ಮೇಲೆ ಹೋದ ನಂತರ, ಕಂಬಿ ಹಿಡಿದು, ನಡುವಿನ ತಿರುವಿನಲ್ಲಿ ಒಮ್ಮೆ ನಿಂತು, ಸೇತುವೆ ಹತ್ತುತ್ತಾರೆ. ನಿಲ್ಲುವುದು ಮೊಣಕಾಲಿನ ನೋವಿಗೆ ಎಂಬುದು ಅವರ ಸ್ಪಷ್ಟ ನಂಬಿಕೆ. ಅದು ನಿಜವೂ ಇರಬಹುದಿತ್ತು. ಇಂಥ ಸಂದೇಹವನ್ನು ಬಗೆಹರಿಸಲು ಇರುವ ದಾರಿ ವೈದ್ಯರ ಎದುರಿನಲ್ಲಿ ಮಾಡಿಸುವ ಟ್ರೆಡ್‌ಮಿಲ್ ಪರೀಕ್ಷೆ. ಆದರೆ ಈ ಮೊಣಕಾಲುಗಳೊಂದಿಗೆ ಅವರು ಅದರ ಮೇಲೆ ಎರಡು ನಿಮಿಷವೂ ನಡೆಯಲಾರರು. ಹೀಗೆ ರೋಗಿಯ ಮಾತೂ ವ್ಯಾಯಾಮ ಪರೀಕ್ಷೆಯೂ ಉತ್ತರ ಕೊಡದ ಕಡೆಯಲ್ಲಿ ರಕ್ತಸೂಚಕಕ್ಕೆ ಬೆಲೆ ಬರುತ್ತದೆ.

ಮೊದಲ ವರದಿ ಮತ್ತು ನನ್ನ ತಪ್ಪು

ಎನ್‌ಟಿ-ಪ್ರೊಬಿಎನ್‌ಪಿ ಎಂಬ ಪರೀಕ್ಷೆಯ ತತ್ವ ಸರಳವಾದದ್ದು. ಕಿರಿದಾದ ಬಾಗಿಲಿನ ಮೂಲಕ ರಕ್ತವನ್ನು ತಳ್ಳಿ ತಳ್ಳಿ ಹೃದಯದ ಗೋಡೆ ದಪ್ಪವಾಗುತ್ತದೆ. ಆ ದಪ್ಪವೂ ಸಾಲದೆ ಗೋಡೆ ಎಳೆತಕ್ಕೆ ಒಳಗಾದಾಗ ಅದರ ಜೀವಕೋಶಗಳು 108 ಅಮೈನೋ ಆಮ್ಲಗಳ ಒಂದು ಪ್ರೋಟೀನನ್ನು ತಯಾರಿಸುತ್ತವೆ. ಅದು ತುಂಡಾಗಿ, 32 ಅಮೈನೋ ಆಮ್ಲಗಳ ಬಿಎನ್‌ಪಿ ಎಂಬ ಕ್ರಿಯಾಶೀಲ ಹಾರ್ಮೋನು ಒಂದು ಕಡೆ, 76 ಅಮೈನೋ ಆಮ್ಲಗಳ ಎನ್‌ಟಿ-ಪ್ರೊಬಿಎನ್‌ಪಿ ಎಂಬ ನಿಷ್ಕ್ರಿಯ ತುಣುಕು ಇನ್ನೊಂದು ಕಡೆ ರಕ್ತಕ್ಕೆ ಸೇರುತ್ತವೆ. 1988ರಲ್ಲಿ ಜಪಾನಿನ ಸಂಶೋಧಕರು ಈ ಹಾರ್ಮೋನನ್ನು ಮೊದಲು ಬೇರ್ಪಡಿಸಿದ್ದು ಹಂದಿಯ ಮಿದುಳಿನಿಂದ. ಆದ್ದರಿಂದ ಅದರ ಹೆಸರಿನ ಮೊದಲ ಅಕ್ಷರ (ಬಿ ಎಂದರೆ ಬ್ರೇನ್) ಇವತ್ತಿಗೂ ಮಿದುಳಿನದೇ ಆಗಿ ಉಳಿದಿದೆ, ಮುಖ್ಯವಾಗಿ ತಯಾರಾಗುವುದು ಹೃದಯದಲ್ಲಾದರೂ.

ಇವರ ಅಂಕಿ 1,420 ಪಿಕೋಗ್ರಾಂ ಬಂತು. ವರದಿಯಲ್ಲಿ ಅದರ ಪಕ್ಕದಲ್ಲೇ, 75 ವರ್ಷದೊಳಗಿನವರಿಗೆ ಮೇಲ್ಮಿತಿ 125 ಎಂದು ಅಚ್ಚಾಗಿತ್ತು. ನಾನು ಫೈಲಿನಲ್ಲಿ "ಸಾಮಾನ್ಯ ಮಿತಿಯ ಹನ್ನೊಂದು ಪಟ್ಟು" ಎಂದು ಬರೆದು ಅಡಿಗೆರೆ ಎಳೆದೆ. ಲಕ್ಷಣವಿಲ್ಲದ ತೀವ್ರ ಸಂಕೋಚನದಲ್ಲಿ ಈ ಅಂಕಿ ಸಾಮಾನ್ಯದ ಮೂರು ಪಟ್ಟು ಮೀರಿದ್ದರೆ ಕವಾಟ ಬದಲಿಸುವುದು ಯುಕ್ತವೆಂದು 2020ರ ಅಮೆರಿಕದ ಮಾರ್ಗಸೂಚಿಯೂ 2021ರ ಯುರೋಪಿನ ಮಾರ್ಗಸೂಚಿಯೂ ಹೇಳುತ್ತವೆ. ಹನ್ನೊಂದು ಪಟ್ಟು ಎಂದರೆ ಇನ್ನು ಯೋಚನೆಯೇನು? ಶಸ್ತ್ರಚಿಕಿತ್ಸಕರು ನನ್ನ ಟಿಪ್ಪಣಿ ನೋಡಿ ಮುಂದಿನ ವಾರವೇ ದಿನ ಗೊತ್ತುಮಾಡಲು ಸಿದ್ಧರಾದರು.

ತಡೆದವರು ಹೃದ್ರೋಗ ತಜ್ಞರು. ಯುರೋಪಿನ ಮಾರ್ಗಸೂಚಿಯ ಆ ವಾಕ್ಯವನ್ನು ಪೂರ್ತಿ ಓದಿ ಎಂದರು. ಅದರಲ್ಲಿ ಮೂರು ಷರತ್ತುಗಳಿವೆ: ಹೋಲಿಸಬೇಕಾದದ್ದು ಆ ವಯಸ್ಸಿನ, ಆ ಲಿಂಗದ ಆರೋಗ್ಯವಂತರ ಮಿತಿಯೊಂದಿಗೆ, ಏರಿಕೆಯನ್ನು ಮರುಪರೀಕ್ಷೆ ಮಾಡಿ ದೃಢಪಡಿಸಿಕೊಳ್ಳಬೇಕು, ಮತ್ತು ಏರಿಕೆಗೆ ಬೇರೆ ಕಾರಣ ಇರಬಾರದು. ವರದಿಯ ಮೇಲಿದ್ದ 125 ಹೊರರೋಗಿಗಳಲ್ಲಿ ಹೃದಯ ವೈಫಲ್ಯ ಇಲ್ಲವೆಂದು ಹೇಳಲು ಬಳಸುವ ಗೆರೆ. ಇಪ್ಪತ್ತೈದರ ಹುಡುಗನಿಗೂ ಎಪ್ಪತ್ತನಾಲ್ಕರ ಮುದುಕರಿಗೂ ಅದು ಒಂದೇ. ನಮ್ಮ ಲ್ಯಾಬಿನವರಿಂದ ಅವರು ಬಳಸುವ ಕಿಟ್ಟಿನ ವಯೋಲಿಂಗವಾರು ಪಟ್ಟಿ ತರಿಸಿದಾಗ ಇವರ ವಯಸ್ಸಿನ ಪುರುಷರಿಗೆ ಮೇಲ್ಮಿತಿ 350ರ ಆಸುಪಾಸಿನಲ್ಲಿತ್ತು. ಹನ್ನೊಂದು ಪಟ್ಟು ಎಂದು ನಾನು ಬರೆದದ್ದು ನಿಜದಲ್ಲಿ ನಾಲ್ಕು ಪಟ್ಟು. ನಾಲ್ಕೂ ಮೂರನ್ನು ಮೀರಿದ್ದೇ ಹೌದು. ಆದರೆ ಹನ್ನೊಂದರ ಮುಂದೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ನಾಲ್ಕರ ಮುಂದೆ ಹುಡುಕಲೇಬೇಕು. ಏಕೆಂದರೆ ಈ ತುಣುಕು ದೇಹದಿಂದ ಹೊರಹೋಗಲು ಮೂತ್ರಪಿಂಡವನ್ನು ಬಹಳವಾಗಿ ನೆಚ್ಚಿಕೊಂಡಿದೆ. ಮೂತ್ರಪಿಂಡ ಸೊರಗಿದರೆ, ರಕ್ತಹೀನತೆಯಿದ್ದರೆ, ಹೃದಯದ ಲಯ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಅಡ್ಡಾದಿಡ್ಡಿ ಬಡಿತಕ್ಕೆ ತಿರುಗಿದ್ದರೆ ಕವಾಟ ಹೇಗೇ ಇರಲಿ, ಅಂಕಿ ಏರುತ್ತದೆ. ಬೊಜ್ಜಿನವರಲ್ಲಿ ಇದಕ್ಕೆ ವಿರುದ್ಧವಾಗಿ ಇರಬೇಕಾದದ್ದಕ್ಕಿಂತ ಕಡಿಮೆ ಬರುತ್ತದೆ.

ಇವರ ಲಯ ಸರಿಯಾಗಿತ್ತು. ಆದರೆ ಮೂತ್ರಪಿಂಡ ಸೊರಗಿದರೆ ಏರುವ ಕ್ರಿಯಾಟಿನಿನ್ 1.4 ಇತ್ತು, ಹಿಮೋಗ್ಲೋಬಿನ್ 9.8ಕ್ಕೆ ಇಳಿದಿತ್ತು.

ಈ ನಡುವೆ ಪುಣೆಯಲ್ಲಿ ಕೆಲಸದಲ್ಲಿರುವ ಅವರ ಮಗ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದರು. ಆರು ವಾರದ ಹಿಂದೆ ಡೊಂಬಿವಲಿಯ ಲ್ಯಾಬಿನಲ್ಲಿ ಮಾಡಿಸಿದ ವರದಿಯಲ್ಲಿ 210 ಇದ್ದದ್ದು ಈಗ 1,420 ಆಗಿದೆ, ಅಪ್ಪನ ಹೃದಯ ಆರು ವಾರದಲ್ಲಿ ಏಳು ಪಟ್ಟು ಕೆಟ್ಟಿದೆಯೇ ಎಂದು ಕೇಳುವಾಗ ಅವರ ಧ್ವನಿ ನಡುಗುತ್ತಿತ್ತು. ವಾಟ್ಸ್ಆ್ಯಪ್‌ನಲ್ಲಿ ಬಂದ ಹಳೆಯ ವರದಿಯನ್ನು ದೊಡ್ಡದು ಮಾಡಿ ನೋಡಿದೆ. ಅದು ಬಿಎನ್‌ಪಿ, ನಮ್ಮದು ಎನ್‌ಟಿ-ಪ್ರೊಬಿಎನ್‌ಪಿ. ಒಂದೇ ಪ್ರೋಟೀನಿನಿಂದ ಹುಟ್ಟಿದರೂ ಬಿಎನ್‌ಪಿ ಇಪ್ಪತ್ತು ನಿಮಿಷದಲ್ಲಿ ಅರ್ಧಕ್ಕಿಳಿದರೆ, ಎನ್‌ಟಿ-ಪ್ರೊಬಿಎನ್‌ಪಿ ಗಂಟೆಗಳ ಕಾಲ ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ಅದರ ಅಂಕಿ ಯಾವಾಗಲೂ ದೊಡ್ಡದು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲ. ಆ ಮಗನಿಗೆ ಇದನ್ನು ವಿವರಿಸಲು ಹತ್ತು ನಿಮಿಷ ಹಿಡಿಯಿತು. ವರದಿ ಕೈಗೆ ಕೊಡುವಾಗಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಅವರು ಆ ಸಂಜೆಯೆಲ್ಲ ಹೆದರಿ ಕೂರಬೇಕಾಗಿರಲಿಲ್ಲ.

ರಕ್ತ ಎಲ್ಲಿಗೆ ಹೋಗುತ್ತಿತ್ತು

ಹಿಮೋಗ್ಲೋಬಿನ್ 9.8 ಎಂಬುದನ್ನು ಅಷ್ಟಕ್ಕೇ ಬಿಡುವಂತಿರಲಿಲ್ಲ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳನ್ನು ಮೊದಲು ಒಂದು ಲೀಟರಿಗೂ ಹೆಚ್ಚು ದ್ರವದಿಂದ ತುಂಬಿರುತ್ತಾರೆ. ರೋಗಿಯ ರಕ್ತ ಅದರೊಂದಿಗೆ ಬೆರೆತು ತೆಳುವಾಗುತ್ತದೆ. 9.8ರಿಂದ ಶುರುಮಾಡಿದರೆ ಯಂತ್ರದ ಮೇಲೆ 7ಕ್ಕೆ ಇಳಿಯುವುದು ಬಹುತೇಕ ಖಚಿತ, ಬೇರೆಯವರ ರಕ್ತ ಕೊಡುವುದೂ ಖಚಿತ. ಶಸ್ತ್ರಚಿಕಿತ್ಸೆಯ ಅಪಾಯವನ್ನು ಲೆಕ್ಕಹಾಕುವ ಅಮೆರಿಕದ ಎಸ್‌ಟಿಎಸ್ ಅಂಕ ಇವರಿಗೆ ಶೇಕಡ 4ಕ್ಕಿಂತ ಕೆಳಗೆ, ಅಂದರೆ ಕಡಿಮೆ ಅಪಾಯದ ವರ್ಗದಲ್ಲಿ ಬಂದಿತ್ತು. ಆ ಲೆಕ್ಕದಲ್ಲಿ ಕ್ರಿಯಾಟಿನಿನ್ ಇದೆ, ರಕ್ತದಲ್ಲಿ ಕೆಂಪುಕಣಗಳ ಪಾಲು (ಹೆಮಟೋಕ್ರಿಟ್) ಇದೆ, ಆದರೆ ಎನ್‌ಟಿ-ಪ್ರೊಬಿಎನ್‌ಪಿ ಇಲ್ಲ. ರಕ್ತ ಏಕೆ ಕಡಿಮೆಯಾಗಿದೆ ಎಂಬ ಪ್ರಶ್ನೆಯಂತೂ ಯಾವ ಅಂಕದಲ್ಲೂ ಇರುವುದಿಲ್ಲ.

ಅವರ ಹೆಂಡತಿ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟುಕೊಂಡಿದ್ದ ಹಳೆಯ ಕಾಗದಗಳನ್ನು ಮೇಜಿನ ಮೇಲೆ ತಾರೀಖಿನ ಪ್ರಕಾರ ಹರಡಿಕೊಂಡೆವು. ಎರಡು ವರ್ಷದ ಹಿಂದೆ 13.4, ಒಂದು ವರ್ಷದ ಹಿಂದೆ 11.6, ಈಗ 9.8. ಫೆರಿಟಿನ್ 9, ಅಂದರೆ ದೇಹದ ಕಬ್ಬಿಣದ ದಾಸ್ತಾನು ಬರಿದು. ಸಸ್ಯಾಹಾರಿಗಳು, ವಯಸ್ಸಾಗಿದೆ, ಊಟ ಕಡಿಮೆ ಎಂದು ಅವರಿಗೆ ಒಂದು ವರ್ಷದಿಂದ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಆ ಕಪ್ಪಿನ ಹಿಂದೆ ರಕ್ತವೂ ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಮಾತ್ರೆ ನಿಲ್ಲಿಸಿ ಮಲಪರೀಕ್ಷೆ ಮಾಡಿಸಿದಾಗ ರಕ್ತ ಕಂಡಿತು.

ಮೊಣಕಾಲಿಗೆ ಏನು ಹಚ್ಚುತ್ತೀರಿ, ಏನು ನುಂಗುತ್ತೀರಿ ಎಂದು ಕೇಳಿದ್ದು ಆಗ. ಕೆಳಗಿನ ಕೆಮಿಸ್ಟ್ ಅಂಗಡಿಯಿಂದ ಡೈಕ್ಲೋಫೆನಾಕ್, ದಿನಕ್ಕೆ ಎರಡು, ಎರಡು ವರ್ಷದಿಂದ. ಯಾವ ಚೀಟಿಯಲ್ಲೂ ಅದು ಇರಲಿಲ್ಲ, ಅವರ ದೃಷ್ಟಿಯಲ್ಲಿ ಅದು ಔಷಧವೇ ಅಲ್ಲ. ಹೊಟ್ಟೆಯಲ್ಲಿ ರಕ್ತ ಒಸರಿಸುವುದೂ ಮೂತ್ರಪಿಂಡವನ್ನು ಕುಗ್ಗಿಸುವುದೂ ಎರಡೂ ಅದರ ಗುಣ. ನನ್ನನ್ನು ಗೊಂದಲಕ್ಕೆ ತಳ್ಳಿದ ಎರಡು ಅಂಕಿಗಳ ಹಿಂದೆ ಒಂದೇ ಮಾತ್ರೆಯ ಕೈ ಇರಬಹುದೆಂದು ಆ ದಿನ ಅನ್ನಿಸಿತು.

ಆದರೆ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಎಂಡೋಸ್ಕೋಪಿಯಲ್ಲಿ ಜಠರ ಸ್ವಚ್ಛವಾಗಿತ್ತು, ಹುಣ್ಣಿರಲಿಲ್ಲ. ಕೊಲೊನೋಸ್ಕೋಪಿಗೆ ಕರುಳು ಖಾಲಿ ಮಾಡುವ ಔಷಧ ಕೊಡುವುದೇ ಇಂಥ ರೋಗಿಯಲ್ಲಿ ಒಂದು ಆತಂಕ; ಭೇದಿಯಾಗಿ ನೀರು ಕಡಿಮೆಯಾದರೆ ಕಿರಿದಾದ ಕವಾಟದ ಹಿಂದಿರುವ ಹೃದಯಕ್ಕೆ ತುಂಬಿಕೊಳ್ಳಲು ರಕ್ತವಿಲ್ಲದೆ ಒತ್ತಡ ಕುಸಿಯಬಹುದು. ಆ ರಾತ್ರಿ ಅವರನ್ನು ಒಳರೋಗಿಯಾಗಿ ಇಟ್ಟುಕೊಂಡು, ನಿಧಾನವಾಗಿ ಡ್ರಿಪ್ ಹಾಕಿ, ಬೆಳಗ್ಗೆ ಕಡಿಮೆ ಮತ್ತಿನಲ್ಲಿ ಪರೀಕ್ಷೆ ಮಾಡಿಸಿದೆವು. ದೊಡ್ಡ ಕರುಳಿನ ಬಲಭಾಗದಲ್ಲಿ, ಪರದೆಯ ಮೇಲೆ, ಕಾಲು ಚಾಚಿದ ಕೆಂಪು ಜೇಡಗಳ ಹಾಗೆ ಎರಡು ಕಲೆಗಳು ಕಂಡವು. ಒಂದರ ಅಂಚಿನಿಂದ ರಕ್ತ ಜಿನುಗುತ್ತಿತ್ತು. ಆಂಜಿಯೋಡಿಸ್ಪ್ಲೇಷಿಯಾ, ಅಂದರೆ ಕರುಳಿನ ಒಳಪದರದಲ್ಲಿ ಹಿಗ್ಗಿ ತೆಳುವಾದ ರಕ್ತನಾಳಗಳು. ಅಲ್ಲೇ ಅವನ್ನು ಸುಟ್ಟು ಮುಚ್ಚಿದರು.

ಅಯೋರ್ಟಿಕ್ ಸಂಕೋಚನವಿರುವ ವೃದ್ಧರಲ್ಲಿ ಹೀಗೆ ಕರುಳಿನಿಂದ ರಕ್ತ ಹೋಗುವುದನ್ನು 1958ರಲ್ಲಿ ಎಡ್ವರ್ಡ್ ಹೈಡ್ ಎಂಬ ಅಮೆರಿಕದ ವೈದ್ಯರು ಗಮನಿಸಿ ಬರೆದಿದ್ದರು. ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಕಾರಣ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಅಂಶ ಸುತ್ತಿಟ್ಟ ದಾರದ ಉಂಡೆಯಂತೆ ರಕ್ತದಲ್ಲಿ ತಿರುಗುತ್ತಿರುತ್ತದೆ. ಕಿರಿದಾದ ಕವಾಟದ ಮೂಲಕ ರಭಸದಿಂದ ನುಗ್ಗುವಾಗ ಆ ಉಂಡೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ದಾರವನ್ನು ರಕ್ತದಲ್ಲೇ ಇರುವ ಒಂದು ಕಿಣ್ವ ಕತ್ತರಿಸುತ್ತದೆ. ಉದ್ದನೆಯ ಎಳೆಗಳಿಲ್ಲದೆ ಕರುಳಿನ ದುರ್ಬಲ ನಾಳಗಳಿಂದ ಜಿನುಗುವ ರಕ್ತ ನಿಲ್ಲುವುದಿಲ್ಲ. ಅಂದರೆ ಈ ರಕ್ತಹೀನತೆ ಕವಾಟದ ಕಾಯಿಲೆಯ ಜೊತೆಗೆ ಬಂದ ಇನ್ನೊಂದು ಕಾಯಿಲೆಯಲ್ಲ, ಬಹುಮಟ್ಟಿಗೆ ಆ ಕವಾಟದ್ದೇ ಪರಿಣಾಮ. ಡೈಕ್ಲೋಫೆನಾಕ್ ಅದಕ್ಕೆ ಕುಮ್ಮಕ್ಕು ಕೊಟ್ಟಿತ್ತು.

ಐದು ವಾರ ಕಾಯುವ ನಿರ್ಧಾರ

ಹೃದ್ರೋಗ ತಜ್ಞರು, ಶಸ್ತ್ರಚಿಕಿತ್ಸಕರು, ನಾನು ಮೂವರೂ ಕುಳಿತು ಮಾತಾಡಿದೆವು. ಕವಾಟವೇ ರಕ್ತಸ್ರಾವಕ್ಕೆ ಕಾರಣವೆಂದ ಮೇಲೆ ಬೇಗ ಬದಲಿಸುವುದೇ ಮದ್ದಲ್ಲವೇ ಎಂಬುದು ಶಸ್ತ್ರಚಿಕಿತ್ಸಕರ ವಾದ. ಅದು ತಳ್ಳಿಹಾಕುವ ವಾದವಾಗಿರಲಿಲ್ಲ. ಆದರೆ ಯಂತ್ರದ ಮೇಲೆ ಹಾಕುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅನ್ನು ಪೂರ್ಣ ಪ್ರಮಾಣದಲ್ಲಿ ಕೊಡಬೇಕು. ನಿನ್ನೆ ಮೊನ್ನೆ ಸುಟ್ಟ ಗಾಯ ಆರದೆ, ಕಬ್ಬಿಣವಿಲ್ಲದ ದೇಹದಲ್ಲಿ, ಕುಗ್ಗಿದ ಮೂತ್ರಪಿಂಡದೊಂದಿಗೆ ಅದನ್ನು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಾಯುವುದರಲ್ಲೂ ಅಪಾಯವಿತ್ತು: ಲಕ್ಷಣವಿಲ್ಲದ ತೀವ್ರ ಸಂಕೋಚನದಲ್ಲಿ ಹಠಾತ್ ಸಾವು ವರ್ಷಕ್ಕೆ ಶೇಕಡ 1ರ ಆಸುಪಾಸು ಎನ್ನುತ್ತಾರೆ, ಮತ್ತು ಇವರಿಗೆ ನಿಜವಾಗಿಯೂ ಲಕ್ಷಣವಿಲ್ಲವೆಂದು ನಮ್ಮಲ್ಲಿ ಯಾರಿಗೂ ಖಾತ್ರಿಯಿರಲಿಲ್ಲ. ಕೊನೆಗೆ ಐದು ವಾರವೆಂದು ಒಪ್ಪಿಕೊಂಡೆವು. ಡೈಕ್ಲೋಫೆನಾಕ್ ಬಂದ್. ಕಬ್ಬಿಣ ಮಾತ್ರೆಯಲ್ಲಿ ಬೇಡ, ನೇರ ರಕ್ತನಾಳಕ್ಕೆ 1,000 ಮಿಲಿಗ್ರಾಂ. ವಾರಕ್ಕೊಮ್ಮೆ ಫೋನು. ತಲೆ ತಿರುಗಿದರೆ, ಎದೆ ಹಿಡಿದರೆ, ರಾತ್ರಿ ಮಲಗಲಾಗದಿದ್ದರೆ ಕಾಯದೆ ಬರಬೇಕು.

ಈ ಐದು ವಾರದ ನಿಜವಾದ ಉಪಯೋಗ ಇನ್ನೊಂದಿತ್ತು. ಅಂಕಿಯನ್ನು ಏರಿಸಬಹುದಾದ ಎರಡು ಕಾರಣಗಳನ್ನು ನಾವು ಒಂದೊಂದಾಗಿ ಸರಿಪಡಿಸುತ್ತಿದ್ದೆವು. ಎನ್‌ಟಿ-ಪ್ರೊಬಿಎನ್‌ಪಿ ಏರಿದ್ದು ರಕ್ತಹೀನತೆಯಿಂದ, ಮೂತ್ರಪಿಂಡದಿಂದ ಆಗಿದ್ದರೆ ಅವು ಸುಧಾರಿಸಿದ ಮೇಲೆ ಅದು ಇಳಿಯಬೇಕು.

ಐದನೆಯ ವಾರ ಹಿಮೋಗ್ಲೋಬಿನ್ 12.3. ಕ್ರಿಯಾಟಿನಿನ್ 1.4ರಿಂದ 1.1. ಎನ್‌ಟಿ-ಪ್ರೊಬಿಎನ್‌ಪಿ, ಅದೇ ಲ್ಯಾಬು, ಅದೇ ಕಿಟ್ಟು: 1,510.

1,420ರಿಂದ 1,510 ಆದದ್ದಕ್ಕೆ ನಾವು ಯಾವ ಅರ್ಥವನ್ನೂ ಕಟ್ಟಲಿಲ್ಲ. ಒಬ್ಬರೇ ವ್ಯಕ್ತಿಯಲ್ಲಿ, ಯಾವ ಬದಲಾವಣೆಯೂ ಇಲ್ಲದೆ, ವಾರದಿಂದ ವಾರಕ್ಕೆ ಈ ಅಂಕಿ ಅದಕ್ಕಿಂತ ಹೆಚ್ಚು ತೂಗಾಡುತ್ತದೆ. ಅರ್ಥವಿದ್ದದ್ದು ಅದು ಇಳಿಯದಿದ್ದುದಕ್ಕೆ. ರಕ್ತ ಕೂಡಿತು, ಮೂತ್ರಪಿಂಡ ಚೇತರಿಸಿತು, ಆದರೂ ಹೃದಯದ ಗೋಡೆ ಅಷ್ಟೇ ಎಳೆತದಲ್ಲಿತ್ತು. ಉಳಿದ ಕಾರಣ ಒಂದೇ. ಈ ಬಾರಿ ಫೈಲಿನಲ್ಲಿ ನಾಲ್ಕು ಪಟ್ಟು ಎಂದು ಬರೆಯುವಾಗ ನನ್ನ ಕೈಗೆ ಧೈರ್ಯವಿತ್ತು.

ಮನೆಯವರಿಗೆ ವಿವರಿಸುವಾಗ ಮಗ ಕೇಳಿದರು, ಅಪ್ಪನಿಗೆ ತೊಂದರೆ ಶುರುವಾದ ಮೇಲೆ ಮಾಡಿಸಿದರೆ ಆಗದೇ ಎಂದು. 2024ರಲ್ಲಿ ಪ್ರಕಟವಾದ ಅರ್ಲಿ ಟಾವರ್ ಎಂಬ ಅಧ್ಯಯನದ ವಿಷಯವನ್ನು ಹೃದ್ರೋಗ ತಜ್ಞರು ಹೇಳಿದರು. ಲಕ್ಷಣವಿಲ್ಲದ 901 ಮಂದಿಯಲ್ಲಿ ಕಾಯುವ ಗುಂಪಿಗೆ ಸೇರಿದವರ ಪೈಕಿ ಶೇಕಡ 87ರಷ್ಟು ಜನರಿಗೆ ಕೆಲವೇ ವರ್ಷಗಳಲ್ಲಿ ಕವಾಟ ಬದಲಿಸಲೇಬೇಕಾಯಿತು. ಆದ್ದರಿಂದ ಮಾಡಿಸಬೇಕೋ ಬೇಡವೋ ಎಂಬುದಕ್ಕಿಂತ ಯಾವಾಗ ಎಂಬುದೇ ಪ್ರಶ್ನೆ. ರಕ್ತವೂ ಮೂತ್ರಪಿಂಡವೂ ಇಷ್ಟು ಚೆನ್ನಾಗಿರುವ ಸಮಯ ಮತ್ತೆ ಸಿಗುತ್ತದೆಂದು ಹೇಳಲಾಗದು. ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ವಿಧಾನವನ್ನೂ ಪರಿಶೀಲಿಸಿದೆವು. ಸಿ.ಟಿ. ಸ್ಕ್ಯಾನಿನಲ್ಲಿ ಆ ನಾಳಗಳು ಸುಣ್ಣಗಟ್ಟಿ ಕಿರಿದಾಗಿ ಸುರುಳಿ ಸುತ್ತಿದ್ದವು. ಖರ್ಚೂ ಅವರ ವಿಮೆಯ ಮಿತಿಯನ್ನು ಬಹಳ ಮೀರುತ್ತಿತ್ತು. ತೆರೆದ ಶಸ್ತ್ರಚಿಕಿತ್ಸೆಯೆಂದೇ ತೀರ್ಮಾನವಾಯಿತು. ಲೋಹದ ಕವಾಟಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಜೀವನಪರ್ಯಂತ ಬೇಕು. ಕರುಳಿನಿಂದ ರಕ್ತ ಹೋಗಿರುವವರಲ್ಲಿ ಅದರ ಮಾತೇ ಇಲ್ಲ. ಹಸುವಿನ ಹೃದಯದ ಹೊರಪೊರೆಯಿಂದ ಮಾಡಿದ ಕವಾಟ ಎಂದಾಗ ಅವರು ಒಂದು ಕ್ಷಣ ತಲೆ ತಗ್ಗಿಸಿದರು. ಆಮೇಲೆ, "ಆಯ್ತು, ಅದೂ ಒಂದು ಋಣ" ಎಂದರು.

ಶಸ್ತ್ರಚಿಕಿತ್ಸೆಯ ನಂತರದ ರಾತ್ರಿ

ಶಸ್ತ್ರಚಿಕಿತ್ಸೆ ಸುಗಮವಾಗಿ ನಡೆಯಿತು, ಬೇರೆಯವರ ರಕ್ತ ಬೇಕಾಗಲಿಲ್ಲ. ಮರುದಿನ ನಸುಕಿನ ನಾಲ್ಕಕ್ಕೆ ಐಸಿಯುನ ಕಿರಿಯ ವೈದ್ಯೆ ನನ್ನನ್ನು ಎಬ್ಬಿಸಿದರು. ಹೈ-ಸೆನ್ಸಿಟಿವಿಟಿ ಟ್ರೊಪೋನಿನ್ ಐ 3,900 ಬಂದಿದೆ, ಮೊದಲು 41 ಇತ್ತು, ಹೃದಯಾಘಾತವೆಂದು ತಿಳಿದು ಆಂಜಿಯೋಗ್ರಫಿಗೆ ಕಳಿಸಲೇ ಎಂದು ಕೇಳಿದರು.

ಟ್ರೊಪೋನಿನ್ ಹೃದಯದ ಸ್ನಾಯುಕೋಶ ಗಾಯಗೊಂಡಾಗ ಸೋರುವ ಪ್ರೋಟೀನು. ಎದೆನೋವೆಂದು ಬಂದವರಲ್ಲಿ ಇಂಥ ಅಂಕಿ ಕಂಡರೆ ಒಂದು ನಿಮಿಷವನ್ನೂ ಹಾಳುಮಾಡುವಂತಿಲ್ಲ. ಆದರೆ ಕವಾಟ ಬದಲಿಸಲು ಹೃದಯವನ್ನೇ ನಿಲ್ಲಿಸಿ, ತೆರೆದು, ಹೊಲಿದಿರುತ್ತೇವೆ. ಟ್ರೊಪೋನಿನ್ ಏರದೆ ಇರಲು ಸಾಧ್ಯವೇ ಇಲ್ಲ. ಎಷ್ಟು ಏರಿದರೆ ಹೆದರಬೇಕು ಎಂಬುದನ್ನು 2022ರಲ್ಲಿ ಪ್ರಕಟವಾದ ವಿಷನ್ ಕಾರ್ಡಿಯಾಕ್ ಸರ್ಜರಿ ಅಧ್ಯಯನ ಅಳೆದಿತ್ತು. ಹದಿಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ, ಬೈಪಾಸ್ ಅಥವಾ ಅಯೋರ್ಟಿಕ್ ಕವಾಟದ ಶಸ್ತ್ರಚಿಕಿತ್ಸೆ ಮಾತ್ರ ಆದವರ ಮಟ್ಟಿಗೆ, ಮೊದಲ ದಿನ 5,670 ನ್ಯಾನೋಗ್ರಾಂ ಮೀರಿದಾಗ ಮೂವತ್ತು ದಿನದೊಳಗಿನ ಸಾವಿನ ಸಂಭವ ಹೆಚ್ಚಿತ್ತು. ಅದು ಸಾಮಾನ್ಯ ಮೇಲ್ಮಿತಿಯ 218 ಪಟ್ಟು. ಹತ್ತು ಪಟ್ಟು ಎಂಬ ಹಳೆಯ ಗೆರೆಯನ್ನಷ್ಟೇ ತಲೆಯಲ್ಲಿಟ್ಟುಕೊಂಡಿದ್ದ ಆ ಕಿರಿಯ ವೈದ್ಯೆ ಗಾಬರಿಗೊಂಡದ್ದು ಸಹಜ. ಆ ಗೆರೆಗೂ ಇಸಿಜಿಯಲ್ಲೋ ಎಕೋದಲ್ಲೋ ಬೇರೆ ಪುರಾವೆ ಬೇಕೆಂಬ ಷರತ್ತಿದೆ.

3,900 ಎಂಬುದು 5,670ಕ್ಕಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ನಾನು ಮತ್ತೆ ಮಲಗಲಿಲ್ಲ. ಹೋಗಿ ಎಕೋ ಯಂತ್ರವನ್ನು ಹಾಸಿಗೆಯ ಪಕ್ಕ ಎಳೆದುಕೊಂಡು ನೋಡಿದೆ: ಗೋಡೆಗಳೆಲ್ಲ ಸಮನಾಗಿ ಮಿಡಿಯುತ್ತಿದ್ದವು. ಇಸಿಜಿಯಲ್ಲಿ ಹೊಸ ಬದಲಾವಣೆಯಿಲ್ಲ. ಅಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಇಳಿಯುತ್ತಿತ್ತು, ಕೈಕಾಲು ಬೆಚ್ಚಗಿದ್ದವು. ಆಂಜಿಯೋಗ್ರಫಿ ಬೇಡವೆಂದೆ. ಮಾಡಿಸಿದ್ದರೆ ಅದರ ಕಾಂಟ್ರಾಸ್ಟ್ ದ್ರವ ಆಗಷ್ಟೇ ಯಂತ್ರದಿಂದ ಇಳಿದಿದ್ದ ಮೂತ್ರಪಿಂಡದ ಮೇಲೆ ಬೀಳುತ್ತಿತ್ತು. ಆರು ಗಂಟೆಯ ನಂತರ ಟ್ರೊಪೋನಿನ್ 3,100ಕ್ಕೆ ಇಳಿಯಿತು.

ಎರಡನೆಯ ದಿನ ಕ್ರಿಯಾಟಿನಿನ್ 1.6 ಆಯಿತು. ಹಳೆಯ ಫೈಲಿನ 1.4ಕ್ಕೆ ಹೋಲಿಸಿದರೆ 0.2ರ ಏರಿಕೆ, ಗಮನಕ್ಕೂ ಬರುತ್ತಿರಲಿಲ್ಲ. ನಿಜವಾದ ಮೂಲ ಅಂಕಿ 1.1 ಎಂದು ನಮಗೆ ತಿಳಿದಿದ್ದರಿಂದ ಇದು 0.5ರ ಏರಿಕೆ, 48 ಗಂಟೆಯೊಳಗೆ 0.3 ಏರಿದರೇ ಮೂತ್ರಪಿಂಡಕ್ಕೆ ತೀವ್ರ ಪೆಟ್ಟೆಂದು ಪರಿಗಣಿಸಬೇಕು. ಮೂತ್ರ ಹೆಚ್ಚಿಸುವ ಔಷಧವನ್ನು ಕಡಿಮೆ ಮಾಡಿ, ರಕ್ತದೊತ್ತಡವನ್ನು ಸ್ವಲ್ಪ ಮೇಲೆಯೇ ಇಟ್ಟು, ಮೂತ್ರಪಿಂಡಕ್ಕೆ ಭಾರವಾಗುವ ಔಷಧಗಳನ್ನೆಲ್ಲ ಪಟ್ಟಿಯಿಂದ ತೆಗೆದೆವು. 1.7ಕ್ಕೆ ನಿಂತು ಇಳಿಯತೊಡಗಿತು. ಒಂಬತ್ತನೆಯ ದಿನ ಮನೆಗೆ ಹೋಗುವಾಗ 1.2.

ಉರಿಯೂತದ ಸೂಚಕವಾದ ಸಿಆರ್‌ಪಿ ಮೂರನೆಯ ದಿನ ಬಹಳ ಏರಿತ್ತು, ಶಸ್ತ್ರಚಿಕಿತ್ಸೆಯಾದ ಎಲ್ಲರಲ್ಲೂ ಆ ಹೊತ್ತಿಗೆ ಏರುತ್ತದೆ. ಗಾಯ ಒಣಗಿತ್ತು, ಜ್ವರವಿರಲಿಲ್ಲ, ಹೊಸ ಆ್ಯಂಟಿಬಯಾಟಿಕ್ ಕೊಡಲಿಲ್ಲ. ನಾಲ್ಕನೆಯ ದಿನ ಯಾರೋ ರೂಢಿಯಂತೆ ಎನ್‌ಟಿ-ಪ್ರೊಬಿಎನ್‌ಪಿ ಕಳಿಸಿದ್ದರು. 4,800 ಬಂತು. ಶಸ್ತ್ರಚಿಕಿತ್ಸೆಯ ಬೆನ್ನಿಗೇ ಅದು ಏರಿಯೇ ಇರುತ್ತದೆ. ಅವರು ಚೆನ್ನಾಗಿ ಓಡಾಡುತ್ತಿದ್ದ ಆ ದಿನ ಅದರಿಂದ ನಮ್ಮ ಯಾವ ನಿರ್ಧಾರವೂ ಬದಲಾಗುವಂತಿರಲಿಲ್ಲ, ಮತ್ತೆ ಮಗನಿಗೆ ನಿದ್ದೆಗೆಟ್ಟದ್ದೇ ಬಂತು.

ಆಮೇಲೆ ನಮ್ಮಲ್ಲಿ ಬದಲಾದದ್ದು

ಈ ಪ್ರಕರಣದ ನಂತರ ನಮ್ಮ ಘಟಕದಲ್ಲಿ ಕವಾಟದ ರೋಗಿಗಳ ಫೈಲಿಗೆ ಮೊದಲ ಪುಟವಾಗಿ ಒಂದು ಹಾಳೆ ಸೇರಿಸಿದ್ದೇವೆ. ಎನ್‌ಟಿ-ಪ್ರೊಬಿಎನ್‌ಪಿ ಬರೆಯುವ ಜಾಗದ ಪಕ್ಕದಲ್ಲೇ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಹೃದಯದ ಲಯ, ತೂಕ ಬರೆಯಬೇಕು. ಇವು ಖಾಲಿಯಿದ್ದರೆ ಆ ಅಂಕಿಯನ್ನು ಚರ್ಚೆಗೆ ತರುವಂತಿಲ್ಲ. ಯಾವ ಲ್ಯಾಬು, ಯಾವ ಕಿಟ್ಟು, ಬಿಎನ್‌ಪಿಯೋ ಎನ್‌ಟಿ-ಪ್ರೊಬಿಎನ್‌ಪಿಯೋ ಎಂಬುದನ್ನೂ ಬರೆಯಬೇಕು. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಹಿಂದಿನ ಎರಡು ವರ್ಷದ ಅಂಕಿಗಳನ್ನು ಹುಡುಕಿ ತರಬೇಕು. ಚೀಟಿಯಿಲ್ಲದೆ ಅಂಗಡಿಯಿಂದ ತೆಗೆದುಕೊಳ್ಳುವ ನೋವಿನ ಮಾತ್ರೆಯ ಬಗ್ಗೆ ರೋಗಿಯನ್ನೂ ಮನೆಯವರನ್ನೂ ಬೇರೆಬೇರೆಯಾಗಿ ಕೇಳಬೇಕು. ಶಸ್ತ್ರಚಿಕಿತ್ಸೆಯ ನಂತರ ಕಾರಣ ಬರೆಯದೆ ಯಾವ ಸೂಚಕವನ್ನೂ ಲ್ಯಾಬಿಗೆ ಕಳಿಸುವಂತಿಲ್ಲ. ಗ್ಯಾಲೆಕ್ಟಿನ್-3, ಎಸ್‌ಟಿ2, ಜಿಡಿಎಫ್-15ರಂಥ ಹೊಸ ಸೂಚಕಗಳ ಬಗ್ಗೆ ಸಂಶೋಧನೆ ನಡೆದಿದೆ, ಅವುಗಳನ್ನು ನಾನು ಆಸಕ್ತಿಯಿಂದ ಓದುತ್ತೇನೆ. ಆದರೆ ಎರಡು ಸಾವಿರ ರೂಪಾಯಿಯ ಪರೀಕ್ಷೆ ಬರೆದುಕೊಡುವ ಮುನ್ನ ಇನ್ನೂರು ರೂಪಾಯಿಯ ಹಿಮೋಗ್ಲೋಬಿನ್ ವರದಿಯನ್ನು ಎರಡು ಸಲ ನೋಡುವ ಅಭ್ಯಾಸ ನನಗೆ ಈ ರೋಗಿಯಿಂದ ಬಂತು.

ಮೂರನೆಯ ತಿಂಗಳಿಗೆ ಅವರು ಬಂದಾಗ ಎನ್‌ಟಿ-ಪ್ರೊಬಿಎನ್‌ಪಿ 610ಕ್ಕೆ ಇಳಿದಿತ್ತು. ಮೊಣಕಾಲು ನೋವು ಹಾಗೆಯೇ ಇತ್ತು, ಅದಕ್ಕೆ ಈಗ ಪ್ಯಾರಾಸಿಟಮಾಲ್ ಮತ್ತು ಫಿಸಿಯೋಥೆರಪಿ. ಸೇತುವೆಯ ನಡುವಿನ ತಿರುವಿನಲ್ಲಿ ನಿಲ್ಲುತ್ತೀರಾ ಎಂದು ಕೇಳಿದೆ. ನೋವಿಗೆ ಒಮ್ಮೊಮ್ಮೆ ನಿಲ್ಲುತ್ತೇನೆ, ಆದರೆ ನಿಂತಾಗ ಮಾತಾಡಲು ಆಗುತ್ತದೆ ಎಂದರು. ಮೊದಲು ಆಗುತ್ತಿರಲಿಲ್ಲ ಎಂಬುದನ್ನು ಅವರು ಹೇಳಿದ್ದು ಅದೇ ಮೊದಲು.

ಒಂದು ವರ್ಷಕ್ಕೆ ಹಿಮೋಗ್ಲೋಬಿನ್ 13.2, ಕಬ್ಬಿಣದ ಮಾತ್ರೆಯಿಲ್ಲದೆ; ಮಲದಲ್ಲಿ ರಕ್ತವಿಲ್ಲ; ಕ್ರಿಯಾಟಿನಿನ್ 1.1, ಎನ್‌ಟಿ-ಪ್ರೊಬಿಎನ್‌ಪಿ 380. ಈ ನಾಲ್ಕು ಅಂಕಿಗಳನ್ನು ತಾರೀಖು ಮತ್ತು ಲ್ಯಾಬಿನ ಹೆಸರಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ಅವರ ಹೆಂಡತಿಯ ಕೈಗೆ ಕೊಟ್ಟೆ. ಮುಂದೆ ಯಾವ ವರದಿ ಬಂದರೂ ಮೊದಲು ಇದರ ಪಕ್ಕದಲ್ಲಿಟ್ಟು ನೋಡಬೇಕೆಂದು ಹೇಳಿದೆ. ಅವರು ಅದನ್ನು ಮಡಚಿ ಆ ಪ್ಲಾಸ್ಟಿಕ್ ಚೀಲದಲ್ಲಿ, ಎಲ್ಲಕ್ಕಿಂತ ಮೇಲೆ, ಇಟ್ಟುಕೊಂಡರು.